ಅಂಬಾಸಿಡರ್‌ಗೆ ಇಸುಜು ಕೂರಿಸಿದ್ದು

ಹಳೇ ಗಾಡಿಗೆ ಬೇರೆ ಎಂಜಿನ್ ಹಾಕಿಸಬೇಕು ಅಂತ ಗ್ಯಾರೇಜಿಗೆ ಬರುವವರು ಮೊದಲು ಕೇಳೋದು, ಯಾವುದಕ್ಕೆ ಪಿಕಪ್ ಜಾಸ್ತಿ ಅಂತ. ತುಮಕೂರಿನ ಅಂತರಸನಹಳ್ಳಿ ಕಡೆ ಗಾಡಿ ಕೆಲಸದಲ್ಲೇ ಬದುಕು ಕಟ್ಟಿಕೊಂಡವನು ನಾನು. ನನ್ನದೇ 1986ರ ಮಾರ್ಕ್ 4 ಅಂಬಾಸಿಡರ್‌ಗೆ ಎಂಜಿನ್ ಆರಿಸುವಾಗ ಪಿಕಪ್ಪಿನ ಮಾತನ್ನು ಕೊನೆಗೆ ಇಟ್ಟುಕೊಂಡೆ. ಗಾಡಿ ಎಷ್ಟು ತೂಕ ಹೊರುತ್ತೆ, ಅದರ ಬ್ರೇಕ್ ಎಷ್ಟು ವೇಗವನ್ನು ನಿಲ್ಲಿಸುತ್ತೆ, ಆರ್‌ಸಿಯಲ್ಲಿ ಯಾವ ಎಂಜಿನ್ ನಿಲ್ಲುತ್ತೆ ಅನ್ನೋದು ಇತ್ಯರ್ಥ ಆದಮೇಲೆ ಉಳಿಯುವ ಹೆಸರುಗಳು ಬಹಳ ಕಮ್ಮಿ.

ಗಾಡಿಯಲ್ಲಿದ್ದದ್ದು 1489 ಸಿಸಿ ಪೆಟ್ರೋಲ್ ಎಂಜಿನ್, ಬ್ರಿಟನ್ನಿನ ಬಿಎಂಸಿ ಕಂಪನಿ ವಿನ್ಯಾಸದ್ದು. ಸುಮಾರು 50 ಅಶ್ವಶಕ್ತಿ, ಕೋಲಿನಿಂದ ವಾಲ್ವ್ ತೆರೆಯುವ ಪುಶ್‌ರಾಡ್ ಏರ್ಪಾಡು, ನಾಲ್ಕು ಗೇರು. ಆ ಎಂಜಿನ್ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡುವ ಬೋರು ಕೆಲಸ ಹಿಂದೆಯೇ ಆಗಿತ್ತು, ಮತ್ತೆ ಮಾಡಬೇಕೆಂದರೆ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಹಾಕಬೇಕು. ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವುಗಳು ಸೀಟಿನೊಳಕ್ಕೆ ಇಳಿದಿದ್ದವು. 2000ದಲ್ಲಿ ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಅದಕ್ಕೂ ಮೊದಲಿನ ಹೆಡ್ಡುಗಳಿಗೆ ಆ ಸೀಸವೇ ವಾಲ್ವ್ ಸೀಟಿಗೆ ರಕ್ಷಣೆ ಕೊಡುತ್ತಿತ್ತು. ಈಗ ಅದೇ ಎಂಜಿನ್ ಉಳಿಸಿಕೊಳ್ಳುವವರು ಗಟ್ಟಿ ಸೀಟು ಕೂರಿಸಿಕೊಳ್ಳಲೇಬೇಕು.

ಗಾಡಿಯನ್ನು ಶೆಡ್ಡಿನಲ್ಲಿಟ್ಟು ಜೋಪಾನ ಮಾಡುವವರಿಗೆ ನನ್ನ ಸಲಹೆ ಒಂದೇ: ಎಂಜಿನ್ ಬದಲಿಸಬೇಡಿ, ಇರೋದನ್ನೇ ರಿಪೇರಿ ಮಾಡಿಸಿ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ಬೇರೆಯೇ ನೋಂದಣಿ ಸಿಗುತ್ತದೆ, ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ನನ್ನ ಗಾಡಿಗೆ 50 ತುಂಬೋದು 2036ಕ್ಕೆ. ಆ ಅವಕಾಶ ಹೋಗುತ್ತೆ ಅಂತ ಗೊತ್ತಿದ್ದೇ ನಾನು ಕೈ ಹಾಕಿದ್ದು. ಬೆಂಗಳೂರಿಗೆ 70 ಕಿ.ಮೀ. ಹೈವೇ, ಆಚೆ ಶಿರಾ, ಈಚೆ ಕುಣಿಗಲ್ ಅಂತ ಈ ಗಾಡಿ ದಿನಾ ಓಡಬೇಕು. ಐದನೇ ಗೇರು ನನಗೆ ಬೇಕೇ ಬೇಕಿತ್ತು.

ಡೀಸೆಲ್ ಹಾಕು ಅಂದವರೇ ಜಾಸ್ತಿ. ಮಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದ ಅಂಬಾಸಿಡರ್‌ಗಳನ್ನು ಈ ರಸ್ತೆಯಲ್ಲಿ ಎಷ್ಟೋ ನೋಡಿದ್ದೇವೆ, ಲಕ್ಷಗಟ್ಟಲೆ ಕಿಲೋಮೀಟರ್ ಓಡಿವೆ ಕೂಡ. ಕಷ್ಟ ಇರೋದು ಮೂತಿಯ ತೂಕದಲ್ಲಿ. ಅಂಬಾಸಿಡರ್‌ಗೆ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್. ಭಾರ ಹೆಚ್ಚಾದರೆ ಮೂತಿ ಕುಸಿಯುತ್ತದೆ, ಬಾರ್ ತಿರುವಿ ಎತ್ತರ ಸರಿಮಾಡಿದರೂ ಸ್ಟಿಯರಿಂಗ್ ಭಾರವೇ ಉಳಿಯುತ್ತದೆ. ಮೇಲಾಗಿ ಇಂಧನ ಬದಲಾದರೆ ಆರ್‌ಸಿಯಲ್ಲಿ ಇಂಧನದ ಕಲಮೂ ಬದಲಾಗಬೇಕು. ಇವತ್ತಿನ ದಿನ ಹಳೇ ಗಾಡಿಯನ್ನು ಪೆಟ್ರೋಲಿನಿಂದ ಡೀಸೆಲ್‌ಗೆ ತಿರುಗಿಸಿ ಎಂದು ನಾನಂತೂ ಯಾರಿಗೂ ಹೇಳೋದಿಲ್ಲ.

ಹೊಸ ಕಾಲದ ಎಂಜಿನ್‌ಗಳಲ್ಲಿ ಬಹುಪಾಲು ಅಡ್ಡಕ್ಕೆ ಕೂರುವಂಥವು, ಮುಂದಿನ ಚಕ್ರ ಎಳೆಯುವಂಥವು. ಅವನ್ನು ಇಲ್ಲಿ ಯೋಚಿಸುವ ಹಾಗೇ ಇಲ್ಲ. ಮಾರುತಿ ಈಕೋ ಉದ್ದಕ್ಕೆ ಕೂರುತ್ತೆ, ಹಿಂದಿನ ಚಕ್ರಕ್ಕೆ ಶಾಫ್ಟ್ ಕೊಡುತ್ತೆ. ಅದನ್ನು ನಿಜಕ್ಕೂ ಯೋಚಿಸಿದೆ. ಆದರೆ 1.2 ಲೀಟರ್ ಎಂಜಿನ್ ತನ್ನ ಜೋರು ತೋರಿಸೋದು ರೇಸ್ ಏರಿದ ಮೇಲೆ. ಒಂದು ಟನ್ನಿಗೂ ಮೀರಿದ ಗಾಡಿಯಲ್ಲಿ ಐದು ಜನ ಕೂತು ದೇವರಾಯನದುರ್ಗ ಬೆಟ್ಟ ಹತ್ತುವಾಗ ಕೆಳಗಿನ ಎಳೆತ ಬೇಕು. ಜೊತೆಗೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ (ಇಸಿಎಂ), ಸೆನ್ಸರು, ಟ್ಯಾಂಕಿನೊಳಗಿನ ಪಂಪು, ಪೂರ್ತಿ ವೈರಿಂಗ್ ಎಲ್ಲ ಹೊಸದಾಗಿ ಎಳೆಯಬೇಕು.

ಉಳಿದದ್ದು ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್. 1817 ಸಿಸಿ, ಹೆಡ್ಡಿನ ಮೇಲೇ ಕೂರುವ ಓವರ್‌ಹೆಡ್ ಕ್ಯಾಮ್, ಐದು ಗೇರು. ಹಿಂದೂಸ್ತಾನ್ ಮೋಟಾರ್ಸ್‌ನವರು ಇದನ್ನು ಮೊದಲು ಕಾಂಟೆಸ್ಸಾಗೆ, ಆಮೇಲೆ 90ರ ದಶಕದಲ್ಲಿ ಅಂಬಾಸಿಡರ್‌ಗೇ ಹಾಕಿ 1800 ಐಎಸ್‌ಝಡ್ ಅಂತ ಮಾರಿದರು. ಅಂಬಾಸಿಡರ್‌ನಲ್ಲಿ ಸುಮಾರು 75 ಅಶ್ವಶಕ್ತಿ. ನನಗೆ ಮುಖ್ಯ ಆದದ್ದು ಆ 25 ಹೆಚ್ಚುವರಿ ಕುದುರೆಯಲ್ಲ. ಇದೇ ಬಾಡಿಯಲ್ಲಿ ಈ ಎಂಜಿನ್ ಎಲ್ಲಿ ಕೂರಬೇಕು ಅನ್ನೋದನ್ನು ಕಂಪನಿಯವರೇ ಲೆಕ್ಕ ಹಾಕಿ ಕೂರಿಸಿದ್ದಾರೆ ಅನ್ನೋದು.

ಹಾಗಾಗಿ ಬರೀ ಎಂಜಿನ್ ತರಲಿಲ್ಲ. ಅಪಘಾತದಲ್ಲಿ ಹಿಂಭಾಗ ನುಜ್ಜಾಗಿದ್ದ ಒಂದು ಐಎಸ್‌ಝಡ್ ಗಾಡಿಯನ್ನು ಕಾಗದಪತ್ರ ಸಮೇತ ತಂದೆ. ಎಂಜಿನ್, ಗೇರ್‌ಬಾಕ್ಸ್, ಮೌಂಟಿಂಗ್, ಅದರ ಬ್ರಾಕೆಟ್, ರೇಡಿಯೇಟರ್, ಕ್ಲಚ್ ಪೆಡಲ್, ಗೇರ್‌ಬಾಕ್ಸಿನಿಂದ ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ಜಾಯಿಂಟ್ ಶಾಫ್ಟ್, ಸೈಲೆನ್ಸರ್ ಪೈಪು, ಸ್ಪೀಡೋಮೀಟರ್ ಕೇಬಲ್, ಎಲ್ಲ ಒಂದೇ ಗಾಡಿಯದ್ದು. ಗುಜರಿಯಲ್ಲಿ ಎಂಜಿನ್ ಅಗ್ಗಕ್ಕೆ ಸಿಗುತ್ತದೆ. ಆಮೇಲೆ ಬ್ರಾಕೆಟ್, ಶಾಫ್ಟ್ ಜೋಡಿಸುವ ಫ್ಲೇಂಜ್ ಬಿಲ್ಲೆ, ಕೇಬಲ್ ಅಂತ ಒಂದೊಂದಕ್ಕೇ ಲೇತ್ ಅಂಗಡಿಗೆ ಅಲೆಯುವ ಖರ್ಚು ಎಂಜಿನ್ ಬೆಲೆಯನ್ನೇ ಮೀರುತ್ತದೆ.

ಕೂರಿಸೋ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೊಟ್ಟದ್ದು ಜಾಯಿಂಟ್ ಶಾಫ್ಟಿನ ಕೋನಕ್ಕೆ. ಶಾಫ್ಟ್ ಮಾಡಿಕೊಡುವ ಲೇತಿನವನು ಮೊದಲೇ ಎಚ್ಚರಿಸಿದ್ದ: "ಅಣ್ಣ, ಎಂಜಿನ್ ಕೂರ್ಸೋದು ದೊಡ್ಡ ಮಾತಲ್ಲ. ಹಿಂದೆ ಮುಂದೆ ಕೋನ ಒಂದೇ ಇರ್ಬೇಕು, ಇಲ್ದಿದ್ರೆ ನನ್ ಹತ್ರ ಬಂದು ಬ್ಯಾಲೆನ್ಸ್ ಸರಿಯಿಲ್ಲ ಅಂತೀರ." ಗೇರ್‌ಬಾಕ್ಸಿನ ಬಾಲವೂ, ಹಿಂದಿನ ಆಕ್ಸಲ್ ಇರುವ ಹೌಸಿಂಗಿನಲ್ಲಿ ಶಾಫ್ಟ್ ಸೇರುವ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರ ಇರಬೇಕು. ಶಾಫ್ಟಿನ ಎರಡು ತುದಿಯ ಕೀಲುಗಳಾದ ಕ್ರಾಸ್‌ಗಳಲ್ಲೂ ಕೋನ ಸಮ ಇದ್ದಾಗ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ತಪ್ಪಿದರೆ ಒಂದು ವೇಗಕ್ಕೆ ಬಂದ ತಕ್ಷಣ ಇಡೀ ನೆಲ ನಡುಗುತ್ತೆ, ಆಮೇಲೆ ಗೇರ್‌ಬಾಕ್ಸ್ ಹಿಂದಿನ ಸೀಲು ಸೋರುತ್ತೆ. ಗಾಡಿಯನ್ನು ಜಾಕ್ ಮೇಲೆ ಇಟ್ಟು ಇದನ್ನು ಅಳೆಯಬಾರದು. ಚಕ್ರದ ಮೇಲೇ ನಿಲ್ಲಿಸಿ, ಹಿಂದಿನ ಸೀಟಿಗೆ ಇಬ್ಬರನ್ನು ಕೂರಿಸಿ ಪಟ್ಟಿ ಸ್ಪ್ರಿಂಗ್ ತನ್ನ ಜಾಗಕ್ಕೆ ಬಂದಮೇಲೆ, ಕೋನ ತೋರಿಸುವ ಮೊಬೈಲ್ ಆ್ಯಪನ್ನು ಫ್ಲೇಂಜಿಗೆ ಒತ್ತಿ ನೋಡಿದೆ. ಗೇರ್‌ಬಾಕ್ಸ್ ಕೆಳಗಿನ ಮೌಂಟಿಂಗಿಗೆ ವಾಷರ್ ದಪ್ಪದ ತಗಡು ಕೊಟ್ಟು, ತೆಗೆದು, ಮತ್ತೆ ಕೊಟ್ಟು ಎರಡೂ ಕಡೆ ಒಂದೇ ಅಂಕಿ ಬರುವ ತನಕ ಬಿಡಲಿಲ್ಲ.

ಸ್ಟಿಯರಿಂಗ್ ಕೆಳಗಿದ್ದ ಕೈ ಗೇರು ಹೋಗಿ ನೆಲದ ಗೇರು ಬಂತು. ಅಂಬಾಸಿಡರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ನಡುವಿನ ಟನಲ್‌ನಲ್ಲಿ ಲಿವರ್ ಬರುವಷ್ಟೇ ಕತ್ತರಿಸಿ, ಸುತ್ತ ತಗಡಿನ ಪಟ್ಟಿ ಬೆಸೆದೆ. ಮುಂದಿನ ಉದ್ದ ಸೀಟು ಹೋಯಿತು, ಮನೆಯವರಿಗೆ ಅದು ಬೇಸರದ ವಿಷಯ. ಎಂಜಿನ್ ಕೂತಮೇಲೆ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಂಜಿನ್ ತಳದ ಆಯಿಲ್ ಸಂಪ್‌ಗೆ ಏನೂ ತಾಗದೆ ಎರಡು ಬೆರಳು ಜಾಗ ಇದೆಯೇ ಅಂತ ಕೆಳಗೆ ಮಲಗಿ ನೋಡಬೇಕು. ರಬ್ಬರ್ ಮೌಂಟಿಂಗ್ ಮೇಲೆ ಎಂಜಿನ್ ಅಲ್ಲಾಡುತ್ತದೆ ಅನ್ನೋದು ನೆನಪಿರಲಿ.

ಹಿಂದಿನ ಹೌಸಿಂಗ್ ಹಳೆಯದೇ ಇಟ್ಟುಕೊಳ್ಳಬಹುದೋ ಇಲ್ಲವೋ ಅನ್ನೋದನ್ನು ಬಿಚ್ಚದೆಯೇ ತಿಳಿಯಬಹುದು. ಒಂದು ಹಿಂಚಕ್ರ ನೆಲದ ಮೇಲೇ ಇರಲಿ, ಇನ್ನೊಂದನ್ನು ಎತ್ತಿ, ನ್ಯೂಟ್ರಲ್‌ನಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿದ್ದರೆ ಅದು ಎಷ್ಟು ಸುತ್ತಿತೋ ಅದೇ ರೇಷಿಯೋ, ಅಂದರೆ ಎರಡೂ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಸುತ್ತಬೇಕಾದ ಲೆಕ್ಕ. ಚಕ್ರ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಹೋಗುತ್ತದೆ. 80 ಕಿ.ಮೀ. ವೇಗಕ್ಕೆ ನಿಮಿಷಕ್ಕೆ ಸುಮಾರು 650 ಸುತ್ತು. ರೇಷಿಯೋ 4.5 ಇದ್ದರೆ, ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುವ ನಾಲ್ಕನೇ ಗೇರಿನಲ್ಲಿ ಎಂಜಿನ್ 2900ರ ಆಸುಪಾಸು ತಿರುಗುತ್ತಿರುತ್ತದೆ. ಐದನೆಯದು ಅದನ್ನು ಇನ್ನೂ ಇಳಿಸುತ್ತದೆ. ಎಂಜಿನ್ ಕೊಳ್ಳುವ ಮುಂಚೆ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ.

ಬ್ರೇಕ್ ವಿಚಾರದಲ್ಲಿ ಚೌಕಾಸಿ ಬೇಡ. ನಾಲ್ಕೂ ಡ್ರಮ್ ಇದ್ದ ಗಾಡಿಗೆ, ನಂತರದ ಅಂಬಾಸಿಡರ್‌ಗಳಲ್ಲಿ ಬಂದ ಮುಂದಿನ ಡಿಸ್ಕ್ ಮತ್ತು ಪೆಡಲ್ ಒತ್ತೋದನ್ನು ಹಗುರ ಮಾಡುವ ಬೂಸ್ಟರ್ ಹಾಕಿದೆ. ಅದಾದ ಮೇಲೇ ಎಂಜಿನ್ ಸ್ಟಾರ್ಟ್ ಮಾಡಿದ್ದು. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬುರೇಟರ್ ರಬ್ಬರುಗಳೆಲ್ಲ ಹೊಸದು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಉಬ್ಬುತ್ತದೆ, ಬಿರಿಯುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರುವುದು ಆಟದ ಮಾತಲ್ಲ.

ಕಾಗದದ ಕೆಲಸವನ್ನು ಸ್ಪ್ಯಾನರ್ ಹಿಡಿಯುವ ಮುಂಚೆಯೇ ಶುರು ಮಾಡಿದ್ದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ಬದಲಾವಣೆಗಳ ಬಗ್ಗೆಯೇ ಇರುವುದು. ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು, ಹೊಸ ಎಂಜಿನ್ ನಂಬರ್ ಆರ್‌ಸಿಗೆ ಏರಬೇಕು. ಅರ್ಜಿಯ ಜೊತೆ ಮುರಿದ ಗಾಡಿಯ ದಾಖಲೆ, ಕೊಂಡ ರಸೀದಿ, ಎಂಜಿನ್ ನಂಬರಿನ ಪೆನ್ಸಿಲ್ ಅಚ್ಚು ಇಟ್ಟೆ. ಅದೇ ಕಂಪನಿ ಇದೇ ಮಾದರಿಗೆ ಹಾಕಿದ್ದ ಎಂಜಿನ್, ಇಂಧನವೂ ಅದೇ. ಹೀಗಾಗಿ ನನ್ನ ಅರ್ಜಿ ವಿವರಿಸುವುದು ಸುಲಭವಾಯಿತು. ವಿಮೆಯವರಿಗೂ ಲಿಖಿತವಾಗಿ ತಿಳಿಸಿದೆ. ಅಪಘಾತವಾದ ದಿನ ಎಂಜಿನ್ ನಂಬರ್ ತಾಳೆಯಾಗದಿದ್ದರೆ ಕ್ಲೇಮು ಅಲ್ಲೇ ನಿಲ್ಲುವ ಅಪಾಯ ಇದೆ.

ಮೊದಲ ಪರೀಕ್ಷೆಗೆ ದೇವರಾಯನದುರ್ಗದ ಏರನ್ನೇ ಆರಿಸಿದೆ, ಬಿಸಿಲಲ್ಲಿ, ತುಂಬಿದ ಗಾಡಿಯಲ್ಲಿ. ಬಿಸಿ ಮುಳ್ಳು ನಡುವಿನಿಂದ ಮೇಲೇರಲಿಲ್ಲ. ಇಳಿಯುವಾಗ ಬ್ರೇಕ್ ಎಳೆಯದೆ ನೇರ ಹಿಡಿಯಿತು. ಇಷ್ಟಾದರೂ 500 ಕಿ.ಮೀ. ಓಡಿದ ಮೇಲೆ ಮೌಂಟಿಂಗ್ ಬೋಲ್ಟು, ಶಾಫ್ಟ್ ಫ್ಲೇಂಜಿನ ಬೋಲ್ಟು, ಸೈಲೆನ್ಸರ್ ಕ್ಲ್ಯಾಂಪು ಎಲ್ಲವನ್ನೂ ಮತ್ತೆ ಬಿಗಿ ಮಾಡಬೇಕು, ಟಾರ್ಷನ್ ಬಾರಿನ ಎತ್ತರ ಎಡಬಲ ಸಮ ಇದೆಯೇ ಅಂತ ಟೇಪು ಹಿಡಿದು ನೋಡಬೇಕು. ನನ್ನ ಗಾಡಿಯಲ್ಲಿ ಎಡಗಡೆ ಸ್ವಲ್ಪ ಇಳಿದಿತ್ತು, ಬಾರ್ ತಿರುವಿ ಎತ್ತಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿದೆ.