ಯುದ್ಧದ ಹಳೆಯ ಛಾಯಾಚಿತ್ರವನ್ನು ಓದುವ ಬಗೆ

ಕೊಪ್ಪಳದ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ, 1857ರ ಸಿಪಾಯಿ ದಂಗೆಯ ಬಿಸಿಯಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯರು 1858ರಲ್ಲಿ ಇಲ್ಲಿಯೇ ಕಾದಿ ಮಡಿದರೆಂದು ಹೇಳಿದೊಡನೆ, ‘ಫೋಟೋ ಇದೆಯಾ ಸರ್?’ ಎಂಬ ಪ್ರಶ್ನೆ ಬರುತ್ತದೆ. ಆಗ ನಾನು ಅವರ ಕೈಗೆ ಒಂದು ಭೂತಗನ್ನಡಿಯನ್ನೂ, ಅದೇ ದಂಗೆಯ ಕಾಲದಲ್ಲಿ ಛಾಯಾಗ್ರಾಹಕ ಫೆಲಿಚೆ ಬಿಯಾಟೊ ತೆಗೆದ ಲಖನೌದ ಸಿಕಂದರ್ ಬಾಗ್ ಚಿತ್ರದ ಪ್ರತಿಯನ್ನೂ ಕೊಡುತ್ತೇನೆ.

ಮೊದಲು ಎರಡು ತಾರೀಖುಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ: ಘಟನೆ ನಡೆದದ್ದು, ಚಿತ್ರ ತೆಗೆದದ್ದು. ಗೋಡೆ ಸುತ್ತಿದ ತೋಟವಾದ ಸಿಕಂದರ್ ಬಾಗ್‌ನಲ್ಲಿ ಬ್ರಿಟಿಷ್ ಪಡೆಗಳು ಸಿಪಾಯಿಗಳ ಮಾರಣಹೋಮ ನಡೆಸಿದ್ದು 1857ರ ನವೆಂಬರ್‌ನಲ್ಲಿ. ಬಿಯಾಟೊ ಲಖನೌಗೆ ಬಂದದ್ದು 1858ರಲ್ಲಿ, ತಿಂಗಳುಗಳು ಕಳೆದ ಮೇಲೆ. ಹಾಗಿದ್ದರೆ ಅಂಗಳದ ತುಂಬ ಚೆಲ್ಲಿರುವ ಆ ಎಲುಬುಗಳು ಎಲ್ಲಿಂದ ಬಂದವು? ಚಿತ್ರಕ್ಕಾಗಿಯೇ ಹೆಣಗಳನ್ನು ಹೊರತೆಗೆಸಲಾಗಿತ್ತೆಂದು ಅಂದಿನ ಬ್ರಿಟಿಷ್ ಅಧಿಕಾರಿಯೊಬ್ಬರು ಬರೆದಿಟ್ಟಿದ್ದಾರೆ. ಸತ್ತವರಿಗೆ ಹೆಸರಿಲ್ಲದ, ಗೆದ್ದವರು ನೋಡಲೆಂದು ಸಿದ್ಧವಾದ ಚಿತ್ರವಿದು ಎಂಬುದನ್ನು ಮಕ್ಕಳಿಗೆ ಮರೆಮಾಚದೆ ಹೇಳಬೇಕು.

ಅನಂತರ ಭೂತಗನ್ನಡಿ ಹಿಡಿದು ನಿಂತ ಮನುಷ್ಯರನ್ನು ನೋಡಿ. ಆ ಕಾಲದ ನೆಗೆಟಿವ್‌ಗಳ ಮೇಲೆ ಬೆಳಕು ಸೆಕೆಂಡುಗಟ್ಟಲೆ, ಕೆಲವೊಮ್ಮೆ ನಿಮಿಷಗಟ್ಟಲೆ ಬೀಳಬೇಕಿತ್ತು. ಆದ್ದರಿಂದ ಓಡುವವರು ಸ್ಪಷ್ಟವಾಗಿ ಮೂಡುತ್ತಿರಲಿಲ್ಲ, ಮೂಡಿದವರು ಅಲುಗದೆ ನಿಂತವರು. ನದಿಯಾಚೆಯ ಹಂಪಿಯನ್ನು ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿಯೇ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿದ್ದರು. ಕ್ಯಾಮೆರಾ ನಮ್ಮ ಸೀಮೆಗೆ ಬಂದಿತ್ತು, ಆದರೆ ಕೋಟೆಯ ಕಾಳಗವನ್ನು ಹಿಡಿಯುವ ಶಕ್ತಿ ಅದಕ್ಕಿರಲಿಲ್ಲ.

ಚಿತ್ರದ ಪಕ್ಕದಲ್ಲಿ ತಪ್ಪದೆ ಒಂದು ತಂತಿ (ಟೆಲಿಗ್ರಾಫ್) ಸುದ್ದಿಯನ್ನು ಇಟ್ಟು ಓದಿ, ಏಕೆಂದರೆ ಯುದ್ಧದ ದಿಕ್ಕನ್ನು ಬದಲಿಸುವುದರಲ್ಲಿ ತಂತಿಯ ಪಾಲೂ ಇತ್ತು. 1857ರ ಮೇ 11ರಂದು ದಿಲ್ಲಿಯ ತಂತಿ ಕಚೇರಿಯಿಂದ ಅಂಬಾಲಕ್ಕೆ ಹೋದ ದಂಗೆಯ ಸುದ್ದಿ ಲಾಹೋರ್ ತಲುಪಿ, 13ರಂದು ಅಲ್ಲಿನ ಸಿಪಾಯಿಗಳ ಕೈಯಿಂದ ಆಯುಧಗಳನ್ನು ಕಿತ್ತುಕೊಳ್ಳಲಾಯಿತು. ದಂಗೆಯೆದ್ದವರು ತಂತಿಯನ್ನು ಹುಡುಕಿ ಕಡಿದದ್ದೇಕೆಂಬುದು ಇಲ್ಲಿ ತಿಳಿಯುತ್ತದೆ. ಪ್ರತಿ ಸುದ್ದಿಯಲ್ಲೂ ಕಳಿಸಿದವನು ಕಣ್ಣಾರೆ ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ಬೇರೆ ಬೇರೆ ಗೆರೆ ಎಳೆದು ಗುರುತಿಸಿ.

ಕೊನೆಗೆ, ಹೊತ್ತು ಮುಳುಗುವ ವೇಳೆಗೆ ಕೋಟೆಯ ಮೆಟ್ಟಿಲ ಎದುರು ಮೊಬೈಲನ್ನು ಕಲ್ಲಿಗೆ ಆನಿಸಿಟ್ಟು, ಶಟರ್ ನಾಲ್ಕು ಸೆಕೆಂಡು ತೆರೆದಿರುವಂತೆ ಹೊಂದಿಸಿ. ಒಬ್ಬಳು ಅಲುಗದೆ ನಿಲ್ಲಲಿ, ಇನ್ನೊಬ್ಬ ಬಿರಬಿರನೆ ಮೆಟ್ಟಿಲು ಹತ್ತಿ ಹೋಗಲಿ. ಚಿತ್ರದಲ್ಲಿ ನಿಂತವಳ ಮುಖ ಕಾಣುತ್ತದೆ. ಹತ್ತಿಹೋದವನ ಜಾಗದಲ್ಲಿ ಮಸುಕು ನೆರಳು, ಅದರ ಹಿಂದೆ ಬರಿಯ ಕಲ್ಲು.