ಫೋಟೋ ನೋಡಿ ಹೋವರ್‌ಫ್ಲೈ ಗುರುತಿಸುವುದು ಹೇಗೆ?

ತುಮಕೂರಿನ ನಮ್ಮ ಹಿತ್ತಲಲ್ಲಿ ಕೊತ್ತಂಬರಿಯ ಒಂದು ಮಡಿಯನ್ನು ಕೀಳದೆ ಹೂವಿಗೆ ಬಿಡುತ್ತೇನೆ. ಹೋವರ್‌ಫ್ಲೈಗಳು ಬರಲಿ ಅಂತಲೇ. ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುವ, ಹಳದಿ ಕಪ್ಪು ಪಟ್ಟಿಯ ಈ ಪುಟ್ಟ ನೊಣಗಳನ್ನು ತುಂಬಾ ಜನ ಜೇನು ಅಂದುಕೊಳ್ಳುತ್ತಾರೆ. ಇವು ಕುಟುಕುವುದಿಲ್ಲ. ಜೇನಿಗೆ ನಾಲ್ಕು ರೆಕ್ಕೆ, ಇವಕ್ಕೆ ಎರಡೇ. ಮೀಸೆ ಗಿಡ್ಡ, ಕಣ್ಣು ದೊಡ್ಡದು.

ಜಗತ್ತಿನಲ್ಲಿ ಇವುಗಳ ಸುಮಾರು 6,000 ಜಾತಿಗಳಿವೆ. ಹಾಗಾಗಿ ಮೇಲಿನಿಂದ ತೆಗೆದ ಒಂದೇ ಒಂದು ಚೆಂದದ ಫೋಟೋ ಸಾಲದು. ಬೆನ್ನು, ಮುಖ, ಪಕ್ಕ, ರೆಕ್ಕೆ ನಾಲ್ಕೂ ಬೇಕು. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಹೋಗಿ, ಆಗ ಅವು ಹೂವಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತವೆ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಸಾಕು. ನಿಮ್ಮ ನೆರಳು ಮಾತ್ರ ಅದರ ಮೇಲೆ ಬೀಳಬಾರದು.

ಫೋಟೋ ದೊಡ್ಡದು ಮಾಡಿದಾಗ ಎಲ್ಲರ ಕಣ್ಣೂ ಮೊದಲು ಹೊಟ್ಟೆಯ ಪಟ್ಟಿಗೆ ಹೋಗುತ್ತದೆ. ನಾನು ಹೇಳುವುದು, ಮೊದಲು ರೆಕ್ಕೆ ನೋಡಿ. ರೆಕ್ಕೆಯ ನಡುವೆ ಎರಡೂ ತುದಿಯಲ್ಲಿ ಯಾವುದಕ್ಕೂ ಸೇರದ ಒಂದು ಸುಳ್ಳು ನರ ಕಂಡರೆ ಅದು ಹೋವರ್‌ಫ್ಲೈ ಅನ್ನಬಹುದು. ಬೆಳಕು ಹಿಂದಿನಿಂದ ಬಿದ್ದರೆ ಇದು ಚೆನ್ನಾಗಿ ಕಾಣುತ್ತದೆ. ಈ ಸುಳ್ಳು ನರದ ಮೇಲಿನ ಉದ್ದ ನರ ರೆಕ್ಕೆಯ ತುದಿಯ ಕಡೆ ಆಳವಾಗಿ ಕೆಳಕ್ಕೆ ಬಾಗಿ ಮೇಲೆದ್ದಿದ್ದರೆ ಎರಿಸ್ಟಾಲಿಸ್ ಬಳಗದ ಕಡೆ ಹುಡುಕಿ. ಈ ಬಳಗದ ಮರಿಗಳು ಕೊಳಕು ನೀರಿನಲ್ಲಿ ಬೆಳೆಯುತ್ತವೆ.

ಆಮೇಲೆ ಕಣ್ಣು. ಕಣ್ಣಿನ ತುಂಬ ಚುಕ್ಕಿ ಇದ್ದರೆ ಬಹುಪಾಲು ಎರಿಸ್ಟಾಲೈನಸ್ ಕುಲದ್ದು. ಬಹಳಷ್ಟು ಜಾತಿಗಳಲ್ಲಿ ಗಂಡಿನ ಎರಡೂ ಕಣ್ಣು ನೆತ್ತಿಯಲ್ಲಿ ಕೂಡಿರುತ್ತವೆ, ಹೆಣ್ಣಿನಲ್ಲಿ ನಡುವೆ ಜಾಗ ಇರುತ್ತದೆ. ಇದನ್ನು ಗಮನಿಸದಿದ್ದರೆ ಒಂದೇ ಜಾತಿಯ ಗಂಡು ಹೆಣ್ಣನ್ನು ಬೇರೆ ಬೇರೆ ಅಂದುಕೊಳ್ಳುವ ಸಾಧ್ಯತೆ ಜಾಸ್ತಿ.

ಪಟ್ಟಿಯ ಸರದಿ ಈಗ. ಹೊಟ್ಟೆಯ ಮೂರನೇ, ನಾಲ್ಕನೇ ಭಾಗದಲ್ಲಿ ಒಂದು ದಪ್ಪ ಕಪ್ಪು ಪಟ್ಟಿ, ಜೊತೆಗೆ ಒಂದು ತೆಳು ಪಟ್ಟಿ ಇದ್ದರೆ ಎಪಿಸಿರ್ಫಸ್ ಕುಲದ್ದು. ಆದರೆ ಆ ಕುಲದ ಬಾಲ್ಟಿಯೇಟಸ್ ಜಾತಿ ಅಂತ ತಕ್ಷಣ ಬರೆಯಬೇಡಿ. ಅದನ್ನೇ ಹೋಲುವ ವಿರಿಡಾರಿಯಸ್ ಕೂಡ ನಮ್ಮ ದೇಶದಲ್ಲಿದೆ. ಹುಳು ನೊಣವಾಗುವ ಮುಂಚೆ ಕೋಶದೊಳಗೆ (ಪ್ಯೂಪಾ) ಇದ್ದಾಗ ಚಳಿ ತಾಗಿದ್ದರೆ ಬಾಲ್ಟಿಯೇಟಸ್‌ನ ಮೈಮೇಲೆ ಕಪ್ಪು ಹೆಚ್ಚುತ್ತದೆ. ಹಾಗಾಗಿ ಬಣ್ಣ ಒಂದನ್ನೇ ನಂಬುವ ಹಾಗಿಲ್ಲ.

ನಮ್ಮ ಕಡೆ ಅವರೆ, ಅಲಸಂದೆ ಗಿಡದ ಹತ್ತಿರ ಸಿಗುವುದು ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಅನ್ನುವ ಜಾತಿ. ಎದೆಯ ಎರಡೂ ಅಂಚಿಗೆ ಗೆರೆ ಕೊರೆದ ಹಾಗೆ ಹಳದಿ. ಹೊಟ್ಟೆಯ ಎರಡನೇ ಭಾಗದಲ್ಲಿ ಎರಡು ಬಿಡಿ ಮಚ್ಚೆ, ಅದರ ಕೆಳಗೆ ಬಾಗಿದ ಪಟ್ಟಿಗಳು. ಗಂಡಿಗೆ ಹಿಂಗಾಲಿನ ಬುಡದಲ್ಲಿ ಮುಳ್ಳಿನಂಥ ಒಂದು ಚಾಚು ಇರುತ್ತದೆ. ಪಕ್ಕದಿಂದ ತೆಗೆದ ಫೋಟೋದಲ್ಲಿ ಅದು ಸಿಕ್ಕಿಬಿಟ್ಟರೆ ನನಗೆ ಹಬ್ಬ!

ಜೀವಿಗಳ ಫೋಟೋ ಹಾಕಿ ಹೆಸರು ಗುರುತಿಸುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕುವಾಗ ಒಂದೇ ನೊಣದ ಎಲ್ಲ ಫೋಟೋಗಳನ್ನೂ ಒಟ್ಟಿಗೆ ಸೇರಿಸಿ. ತಾರೀಖು, ಊರು, ಹೂವಿನ ಹೆಸರು ಬರೆಯಿರಿ. ಆ್ಯಪ್ ತಾನೇ ಸೂಚಿಸುವ ಹೆಸರನ್ನು ಸುಮ್ನೆ ಒಪ್ಪಬೇಡಿ, ಅದು ಹೇಳಿದ ಜಾತಿಯ ಗುರುತು ನಿಮ್ಮ ಫೋಟೋದಲ್ಲಿ ಇದೆಯಾ ನೋಡಿ. ಕಾಣದಿದ್ದರೆ ಎಪಿಸಿರ್ಫಸ್ ಅಂತ ಕುಲದ ಹೆಸರಿಗೇ ನಿಲ್ಲಿಸಿ. ತಪ್ಪು ಜಾತಿಗಿಂತ ಸರಿಯಾದ ಕುಲ ಎಷ್ಟೋ ಮೇಲು, ಅಲ್ವಾ?

ಒಳ್ಳೆ ಫೋಟೋ ಸಿಗಲು ಇನ್ನೊಂದು ದಾರಿ ಇದೆ, ನನಗೆ ಬಹಳ ಇಷ್ಟದ್ದು, ಮರಿಯನ್ನು ಸಾಕುವುದು. ಅವರೆ ಕುಡಿಯಲ್ಲಿ ಕಪ್ಪು ಸಸ್ಯಹೇನು ಮುತ್ತಿದ್ದರೆ ಔಷಧಿ ಹೊಡೆಯುವ ಮುಂಚೆ ಬಗ್ಗಿ ನೋಡಿ. ಹೇನು ತಿನ್ನುತ್ತಿರುವ, ಕಾಲಿಲ್ಲದ ಹೋವರ್‌ಫ್ಲೈ ಹುಳು ಕಂಡರೆ ಆ ಕುಡಿಯನ್ನೇ ಮುರಿದು ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಹೇನು ಮುಗಿದರೆ ಮತ್ತೆ ಹಾಕಿ. ಹುಳು ಕೋಶವಾಗಿ ನೊಣ ಹೊರಬರುತ್ತದೆ. ಬಂದ ಕೂಡಲೇ ಫೋಟೋ ಬೇಡ. ಆಗ ಮೈ ಬಿಳಿಚಿಕೊಂಡಿರುತ್ತದೆ, ಬಣ್ಣ ತುಂಬಲು ಕೆಲವು ಗಂಟೆ ಬೇಕು. ಆಮೇಲೆ ನಾಲ್ಕೂ ಕಡೆಯಿಂದ ತೆಗೆದು, ಹೇನಿರುವ ಗಿಡದ ಹತ್ತಿರವೇ ಬಿಟ್ಟುಬಿಡಿ.