ಪರ್ಷಿಯಾದ ಸಾಮಂತನಾಗಿದ್ದ ಗ್ರೀಕ್ ದೊರೆಯ ಚರಿತ್ರೆಯನ್ನು ಬರೆಯುವ ಬಗೆ: ಸಲಾಮಿಸಿನ ಎವಾಗೊರಸ್

ಸೈಪ್ರಸ್ ದ್ವೀಪದ ಸಲಾಮಿಸ್ ನಗರವನ್ನು ಸುಮಾರು ಕ್ರಿ.ಪೂ. 411ರಿಂದ 374ರವರೆಗೆ ಆಳಿದ ಎವಾಗೊರಸನನ್ನು ಕುರಿತು ಬರೆಯಹೊರಟವರಿಗೆ ಎರಡು ಸಿದ್ಧಚಿತ್ರಗಳು ದೊರೆಯುತ್ತವೆ. ಒಂದರಲ್ಲಿ ಅವನು ಪರ್ಷಿಯಾದ ವಿರುದ್ಧ ಸಿಡಿದೆದ್ದ ವೀರ; ಇನ್ನೊಂದರಲ್ಲಿ ಮಣಿದು ಕಪ್ಪ ಒಪ್ಪಿಸಿದ ಸಾಮಂತ. ಎರಡನ್ನೂ ಬದಿಗಿಟ್ಟು, ಯಾವ ಘಟ್ಟದಲ್ಲಿ ಅವನು ಚಕ್ರವರ್ತಿಗೆ ಏನನ್ನು ಕೊಟ್ಟ, ಏನನ್ನು ಕೊಡಲೊಲ್ಲೆನೆಂದ ಎಂಬುದನ್ನು ಕಾಲಾನುಕ್ರಮದಲ್ಲಿ ಗುರುತಿಸಿಕೊಳ್ಳಿ.

ಮೊದಲ ಪುಟದಲ್ಲೇ ಆಳ್ವಿಕೆಯ ವ್ಯವಸ್ಥೆಯನ್ನು ವಿವರಿಸಬೇಕು. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಕೊಡುವ ಪಟ್ಟಿಯಂತೆ ಸೈಪ್ರಸ್ ದ್ವೀಪವು ಫಿನೀಷಿಯಾದೊಂದಿಗೆ ಸಾಮ್ರಾಜ್ಯದ ಐದನೆಯ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿನ ನಗರಗಳ ರಾಜರು ತಮ್ಮ ಸಿಂಹಾಸನಗಳನ್ನು ಉಳಿಸಿಕೊಂಡು ಕಪ್ಪವನ್ನೂ ಯುದ್ಧನೌಕೆಗಳನ್ನೂ ಒದಗಿಸುತ್ತಿದ್ದರು, ಕ್ರಿ.ಪೂ. 480ರಲ್ಲಿ ಪರ್ಷಿಯಾದ ಚಕ್ರವರ್ತಿ ಕ್ಸರ್‌ಕ್ಸೀಸನ ದಂಡಯಾತ್ರೆಗೆ ಸೈಪ್ರಸ್ 150 ಹಡಗುಗಳನ್ನು ಕಳುಹಿಸಿತ್ತು. ಹೀಗಾಗಿ ಅಧೀನತೆಯೆಂಬುದು ಎವಾಗೊರಸನಿಗೆ ಸೋಲಿನಿಂದ ಬಂದದ್ದಲ್ಲ, ಸಿಂಹಾಸನದ ಜೊತೆಗೇ ಬಂದದ್ದು. ಇದನ್ನು ಹೇಳದೆ ಯುದ್ಧದ ಕಥೆಗೆ ಹಾರಿದರೆ ಓದುಗರಿಗೆ ಅವನ ನಡೆಗಳೆಲ್ಲ ಚಂಚಲವಾಗಿ ಕಾಣುತ್ತವೆ.

ಅನಂತರ ಆಕರಗಳನ್ನು ತೂಗಬೇಕು. ಎವಾಗೊರಸನ ಸಮಕಾಲೀನನಾದ ಅಥೆನ್ಸಿನ ವಾಗ್ಮಿ ಐಸೊಕ್ರಟೀಸ್ ರಚಿಸಿದ ಸ್ತುತಿಭಾಷಣವು ಎವಾಗೊರಸನ ಮಗ ನಿಕೊಕ್ಲೀಸನನ್ನು ಉದ್ದೇಶಿಸಿದ್ದು; ಆದ್ದರಿಂದ ಅದು ಹೇಳುವುದಕ್ಕಿಂತ ಹೇಳದಿರುವುದನ್ನು ಹೆಚ್ಚು ಎಚ್ಚರದಿಂದ ಗಮನಿಸಬೇಕು. ಯುದ್ಧಕ್ಕೆ ಮುಂಚೆ ಇದ್ದದ್ದೆಲ್ಲ ದೊರೆಯಲ್ಲೇ ಉಳಿಯಿತು ಎಂದು ಅದು ಹೆಮ್ಮೆಪಡುತ್ತದೆ. ಮಾತು ಸುಳ್ಳಲ್ಲ; ಆದರೆ ಯುದ್ಧದಲ್ಲಿ ಗೆದ್ದುಕೊಂಡ ಇತರ ನಗರಗಳನ್ನು ಬಿಟ್ಟುಕೊಡಬೇಕಾಯಿತೆಂಬ ಸಂಗತಿ ಅಲ್ಲಿಲ್ಲ, ದೊರೆಯ ಕೊಲೆಯೂ ಇಲ್ಲ. ಇವು ಮೂರು ಶತಮಾನಗಳ ನಂತರ ಬರೆದ ಗ್ರೀಕ್ ಇತಿಹಾಸಕಾರ ಡಯೊಡೊರಸನಲ್ಲಿ ದೊರೆಯುತ್ತವೆ. ಅವನಾದರೋ ಕಾಲಗಣನೆಯಲ್ಲಿ ನಂಬಿಕಸ್ಥನಲ್ಲ: ಅವನ ಲೆಕ್ಕದಲ್ಲಿ ಯುದ್ಧ ಕ್ರಿ.ಪೂ. 385ರ ಹೊತ್ತಿಗೆ ಮುಗಿಯುತ್ತದೆ, ಆದರೆ ಸುಮಾರು 380ರಲ್ಲಿ ಪ್ರಕಟವಾದ ಐಸೊಕ್ರಟೀಸನ ಮತ್ತೊಂದು ಭಾಷಣ ಅದನ್ನು ಇನ್ನೂ ನಡೆಯುತ್ತಿರುವ ಯುದ್ಧವೆಂದೇ ಕಾಣುತ್ತದೆ. ಸಮಕಾಲೀನನ ಮಾತಿಗೆ ಇಲ್ಲಿ ಹೆಚ್ಚು ಬೆಲೆ ಕೊಡಿ. ಪರ್ಷಿಯಾದ ಸೇನೆ ಮೂರು ಲಕ್ಷವಿತ್ತೆಂಬ ಡಯೊಡೊರಸನ ಸಂಖ್ಯೆಯನ್ನು ಅವನ ಹೆಸರಿನಲ್ಲೇ ಉಲ್ಲೇಖಿಸಿ, ನಿಮ್ಮ ಮಾತಾಗಿಸಬೇಡಿ.

ಮಿತ್ರರು ಯಾರು, ಶತ್ರುಗಳು ಯಾರು ಎಂದು ಪಟ್ಟಿ ಮಾಡುವಾಗ ಪ್ರತಿ ಹೆಸರಿನ ಮುಂದೆಯೂ ವರ್ಷ ಹಾಕುವುದು ಅನಿವಾರ್ಯ. ಕ್ರಿ.ಪೂ. 405ರಲ್ಲಿ ಸ್ಪಾರ್ಟಾದ ಕೈಯಲ್ಲಿ ಅಥೆನ್ಸಿಗಾದ ಸೋಲಿನ ಬಳಿಕ ಅಥೆನ್ಸಿನ ಸೇನಾನಿ ಕೊನೊನ್ ಎವಾಗೊರಸನ ಆಶ್ರಯಕ್ಕೆ ಬಂದ; 394ರಲ್ಲಿ ಅದೇ ಕೊನೊನ್ ಪರ್ಷಿಯಾದ ನೌಕಾಬಲದೊಂದಿಗೆ ಕ್ನಿಡಸ್ ಬಳಿ ಸ್ಪಾರ್ಟಾದ ಹಡಗುಪಡೆಯನ್ನು ಮುರಿದ. ಅಥೆನ್ಸ್ ಅವರಿಬ್ಬರ ಪ್ರತಿಮೆಗಳನ್ನೂ ನಿಲ್ಲಿಸಿ ಗೌರವಿಸಿತು. ಕೆಲವೇ ವರ್ಷಗಳಲ್ಲಿ ಎವಾಗೊರಸ್ ಚಕ್ರವರ್ತಿ ಎರಡನೆಯ ಅರ್ಟಕ್ಸರ್‌ಕ್ಸೀಸನ ಮೇಲೆಯೇ ಯುದ್ಧಕ್ಕೆ ನಿಂತಿದ್ದ. ಅವನ ನೆರವಿಗೆ ಹೊರಟ ಅಥೆನ್ಸಿನ ಹತ್ತು ಹಡಗುಗಳನ್ನು ಸ್ಪಾರ್ಟಾದವರು ಹಿಡಿದ ಪ್ರಸಂಗದ ವೈಚಿತ್ರ್ಯವನ್ನು ಸಮಕಾಲೀನ ಇತಿಹಾಸಕಾರ ಕ್ಸೆನೊಫೊನನೇ ಎತ್ತಿ ತೋರಿಸುತ್ತಾನೆ: ಚಕ್ರವರ್ತಿಯ ಮಿತ್ರರಾದ ಅಥೆನ್ಸಿನವರು ಅವನ ಶತ್ರುವಿಗೆ ಸಹಾಯ ಕಳುಹಿಸಿದರು, ಚಕ್ರವರ್ತಿಯ ಶತ್ರುಗಳಾದ ಸ್ಪಾರ್ಟಾದವರು ಅದನ್ನು ತಡೆದರು. ಗ್ರೀಕರು ಒಂದು ಕಡೆ, ಪರ್ಷಿಯನ್ನರು ಇನ್ನೊಂದು ಕಡೆ ಎಂಬ ಚೌಕಟ್ಟನ್ನು ಬಿಡಿಸಲು ಈ ಒಂದು ಪ್ರಸಂಗ ಸಾಕು.

ಲೇಖನದ ಹೆಚ್ಚಿನ ಜಾಗವನ್ನು ಸಂಧಿಗೆ ಮೀಸಲಿಡುವುದು ಒಳ್ಳೆಯದು. ಕ್ರಿ.ಪೂ. 387–386ರ ರಾಜಶಾಂತಿಯಲ್ಲಿ, ಎಂದರೆ ಚಕ್ರವರ್ತಿ ವಿಧಿಸಿದ ಶಾಂತಿ ಒಪ್ಪಂದದಲ್ಲಿ, ಗ್ರೀಕ್ ನಗರಗಳು ಸೈಪ್ರಸ್ ದ್ವೀಪವು ಚಕ್ರವರ್ತಿಯದೆಂದು ಒಪ್ಪಿಕೊಂಡ ಮೇಲೆ ಅಥೆನ್ಸಿನ ಬೆಂಬಲ ಇಲ್ಲವಾಯಿತು, ಸೈಪ್ರಸ್ಸಿನ ಕಿಟಿಯನ್ ನಗರದ ಬಳಿಯ ಸಮುದ್ರಯುದ್ಧದಲ್ಲಿ ಸೋಲಾಯಿತು, ಸಲಾಮಿಸಿಗೆ ಮುತ್ತಿಗೆ ಬಿತ್ತು. ಪರ್ಷಿಯಾದ ಸೇನಾಪತಿ ಟಿರಿಬಜಸ್ ವಿಧಿಸಿದ ಷರತ್ತುಗಳೆಂದರೆ, ಇತರ ನಗರಗಳನ್ನು ಬಿಡಬೇಕು, ವರ್ಷಕ್ಕಿಷ್ಟೆಂದು ಕಪ್ಪ ಕೊಡಬೇಕು, ಒಡೆಯನಿಗೆ ದಾಸನು ನಡೆದುಕೊಳ್ಳುವಂತೆ ವಿಧೇಯನಾಗಿರಬೇಕು. ಎವಾಗೊರಸ್ ನೆಲವನ್ನೂ ಹಣವನ್ನೂ ಬಿಟ್ಟುಕೊಡಲು ಒಪ್ಪಿದ. ಕೊನೆಯ ಷರತ್ತಿಗೆ ಮಾತ್ರ ಒಪ್ಪಲಿಲ್ಲ. ರಾಜನು ರಾಜನಿಗೆ ವಿಧೇಯನಾಗುವಂತೆ ತಾನಿರುವೆನೆಂದ. ಜೊತೆಗಾರ ಸೇನಾಪತಿ ಒರೊಂಟಸನ ದೂರಿನಿಂದ ಟಿರಿಬಜಸ್ ಬಂಧಿತನಾದ ಬಳಿಕ ಒರೊಂಟಸನೇ ಅದಕ್ಕೆ ಸಮ್ಮತಿಸಿದ. ಬರಿಗೈಯಾದವನ ಹಟವೆಂದು ಇದನ್ನು ತಳ್ಳಿಹಾಕುವವರುಂಟು. ನನ್ನ ಎಣಿಕೆಯಲ್ಲಿ ಇದು ಲೆಕ್ಕಾಚಾರದ ನಡೆ. ಕಪ್ಪವನ್ನು ಇತರ ರಾಜರೂ ಕೊಡುತ್ತಿದ್ದರು, ಆದರೆ ದಾಸನೆಂದು ಒಪ್ಪಿಕೊಂಡವನ ಮಗನಿಗೆ ಸಿಂಹಾಸನ ದಾಟುವುದು ಚಕ್ರವರ್ತಿಯ ಮರ್ಜಿಗೆ ಬೀಳುತ್ತಿತ್ತು. ಈ ವಾದಕ್ಕೆ ನಾಣ್ಯಗಳನ್ನು ಜೊತೆಗಿಟ್ಟು ನೋಡಿ: ಹೆರಾಕ್ಲೀಸನ ಮುಖವಿರುವ ಎವಾಗೊರಸನ ನಾಣ್ಯಗಳಲ್ಲಿ ಚಿನ್ನದವೂ ಇವೆ; ತಾನು ದಾಸನಲ್ಲ, ರಾಜನೆಂಬ ಅವನ ನಿಲುವಿಗೆ ಅವು ಹೊಂದುತ್ತವೆ.

ಸಾವಿನ ಭಾಗವನ್ನು ಚಿಕ್ಕದಾಗಿಡಿ. ಕ್ರಿ.ಪೂ. 374ರಲ್ಲಿ ನಪುಂಸಕ ಸೇವಕನೊಬ್ಬ ಅವನನ್ನು ಕೊಂದ. ದೊರೆಯ ಮಗನು ಆ ಸೇವಕನ ಹೆಂಡತಿಯನ್ನು ಕಿತ್ತುಕೊಂಡ ಅವಮಾನವೇ ಕಾರಣವೆಂದು ಅರಿಸ್ಟಾಟಲ್ ಹೇಳುತ್ತಾನೆ. ಇದರಲ್ಲಿ ಪರ್ಷಿಯಾದ ಸಂಚು ಹುಡುಕಬೇಕಿಲ್ಲ. ನಿಕೊಕ್ಲೀಸ್ ಪಟ್ಟವೇರಿದ್ದನ್ನು ದಾಖಲಿಸಿ, ಕ್ರಿ.ಪೂ. 332ರಲ್ಲಿ ಸೈಪ್ರಸ್ಸಿನ ರಾಜರು ತಮ್ಮ ನೌಕೆಗಳೊಂದಿಗೆ ಟೈರ್ ನಗರದ ಮುತ್ತಿಗೆಯಲ್ಲಿ ಅಲೆಕ್ಸಾಂಡರನ ಪಕ್ಷ ಸೇರಿದಲ್ಲಿಗೆ ಬರಹವನ್ನು ನಿಲ್ಲಿಸಬಹುದು.